ನರ್ಸಿಂಗ್ ವೃತ್ತಿಯನ್ನು ಆರಿಸಿಕೊಂಡವರ ನಿಜವಾದ ಕಾರಣಗಳೇನು?

ಪ್ರಶ್ನೆ (ಒಬ್ಬ ತಂದೆ):

ವಿಜ್ಞಾನ ವಿಷಯಗಳೊಂದಿಗೆ ಶಾಲಾ ಶಿಕ್ಷಣ ಮುಗಿಸುತ್ತಿರುವ ನನ್ನ ಮಗಳು ನರ್ಸಿಂಗ್ ಓದಬೇಕೆಂದು ನಿರ್ಧರಿಸಿದ್ದಾಳೆ. ಅಂಕಗಳು ಚೆನ್ನಾಗಿರುವಾಗ ವೈದ್ಯಕೀಯಕ್ಕೆ ಏಕೆ ಪ್ರಯತ್ನಿಸಬಾರದೆಂದು ಬಂಧುಗಳು ಕೇಳುತ್ತಾರೆ. "ನನಗೆ ರೋಗಿಗಳ ಜೊತೆಗಿರಬೇಕು" ಎಂಬುದಷ್ಟೇ ಅವಳ ಉತ್ತರ. ಅವಳ ಆಸೆಗೆ ಅಡ್ಡ ಬರುವ ಉದ್ದೇಶ ನನಗಿಲ್ಲ. ಆದರೆ ಆ ಒಂದು ಭಾವನೆಯನ್ನೇ ನೆಚ್ಚಿಕೊಂಡು ಇಡೀ ವೃತ್ತಿಜೀವನ ಸಾಗಿಸಲು ಸಾಧ್ಯವೇ ಎಂಬ ಆತಂಕವಿದೆ. ಈ ವೃತ್ತಿಯಲ್ಲಿರುವವರು ತಾವು ಇದನ್ನು ಆರಿಸಿಕೊಂಡ ಕಾರಣವನ್ನೂ, ಕೆಲಸಕ್ಕೆ ಸೇರಿದ ಮೇಲೆ ಆ ಕಾರಣ ಉಳಿಯಿತೇ ಎಂಬುದನ್ನೂ ದಯವಿಟ್ಟು ತಿಳಿಸಬೇಕು.

ಉತ್ತರ 1 (ಹಿರಿಯ ವಾರ್ಡ್ ನರ್ಸ್):

ಮಾನ್ಯರೇ, ನಾನು ಈ ವೃತ್ತಿಗೆ ಬಂದದ್ದು ಓದು ಮುಗಿದೊಡನೆ ಕೆಲಸ ಸಿಗುತ್ತದೆ ಎಂಬ ಕಾರಣಕ್ಕೆ. ಇದನ್ನು ಹೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಸಂಸಾರಕ್ಕೆ ಆಧಾರವಾಗಬೇಕೆಂದು ಬಂದ ಎಷ್ಟೋ ಮಂದಿ ಅತ್ಯುತ್ತಮ ನರ್ಸ್‌ಗಳಾಗಿರುವುದನ್ನು ಕಂಡಿದ್ದೇನೆ. ಆದರೆ ಬಿಟ್ಟುಹೋಗದೆ ಉಳಿದದ್ದು ಬೇರೆಯದೇ ಕಾರಣಕ್ಕೆ.

ವೈದ್ಯರು ರೋಗಿಯನ್ನು ಕೆಲವು ನಿಮಿಷ ನೋಡಿ ಮುಂದಿನ ಹಾಸಿಗೆಗೆ ಹೋಗಬೇಕಾಗುತ್ತದೆ, ಪಾಳಿಯುದ್ದಕ್ಕೂ ಹತ್ತಿರವಿರುವವರು ನಾವು. ರಕ್ತದೊತ್ತಡ ಕುಸಿಯುವುದಕ್ಕೆ ಮೊದಲೇ ಉಸಿರಾಟದ ವೇಗ ಏರತೊಡಗುವುದು, ಬೆಳಿಗ್ಗೆ ಸ್ಪಷ್ಟವಾಗಿ ಮಾತನಾಡಿದ ವೃದ್ಧರು ಸಂಜೆಯ ಹೊತ್ತಿಗೆ ದಿಗ್ಭ್ರಮೆಗೊಂಡಂತೆ ವರ್ತಿಸುವುದು, ಮೂತ್ರದ ಪ್ರಮಾಣ ಇಳಿಯುವುದು, ಇಂಥವು ಬಹಳ ಸಲ ಮೊದಲು ಕಣ್ಣಿಗೆ ಬೀಳುವುದು ನರ್ಸ್‌ಗೆ. ಆ ಕ್ಷಣದಲ್ಲಿ ವೈದ್ಯರನ್ನು ಕರೆಯಬೇಕೋ, ಇನ್ನಷ್ಟು ಹೊತ್ತು ಗಮನಿಸಬೇಕೋ ಎಂಬ ತೀರ್ಮಾನ ಅವಳದು. ಮೈ ಒರೆಸುವುದು, ಮಗ್ಗುಲು ಬದಲಿಸುವುದು ಸಣ್ಣ ಕೆಲಸಗಳೆಂದು ಹೊರಗಿನವರು ತಿಳಿಯುತ್ತಾರೆ; ಹಾಸಿಗೆ ಹುಣ್ಣಿನ ಮೊದಲ ಕೆಂಪು ಕಲೆ ಕಾಣಿಸುವುದು ಆ ಕೆಲಸ ಮಾಡುವಾಗಲೇ. ನಿಮ್ಮ ಮಗಳು ಹೇಳುವ "ಜೊತೆಗಿರುವುದು" ಬರಿಯ ಭಾವನೆಯಲ್ಲ, ಈ ವೃತ್ತಿಯ ತಿರುಳೇ ಅದು ಎಂದು ನಾನು ನಂಬುತ್ತೇನೆ.

ಉತ್ತರ 2 (ತೀವ್ರ ನಿಗಾ ಘಟಕದ ನರ್ಸ್):

ನಾನು ಪುರುಷ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ಜಗತ್ತಿನ ನರ್ಸ್‌ಗಳಲ್ಲಿ ಸುಮಾರು ಶೇ 90ರಷ್ಟು ಮಂದಿ ಮಹಿಳೆಯರು. ಆದ್ದರಿಂದ "ನೀವೇಕೆ ಬಂದಿರಿ" ಎಂಬ ಪ್ರಶ್ನೆ ನನಗೆ ಹೊಸದಲ್ಲ. ಶರೀರಶಾಸ್ತ್ರದಲ್ಲಿ ನನಗಿದ್ದ ಆಸಕ್ತಿಯೇ ಕಾರಣ. ವೆಂಟಿಲೇಟರ್‌ನಲ್ಲಿರುವ ರೋಗಿಯ ಪ್ರತಿಯೊಂದು ಅಂಕಿಯ ಹಿಂದೆ ದೇಹದಲ್ಲಿ ಏನು ನಡೆಯುತ್ತಿದೆ ಎಂದು ಯೋಚಿಸುತ್ತಾ ಕೆಲಸ ಮಾಡುವುದು ನನಗೆ ಇಂದಿಗೂ ತೃಪ್ತಿ ಕೊಡುತ್ತದೆ. ಕರುಣೆಯಿದ್ದರೆ ಸಾಕು, ಬುದ್ಧಿಗೆ ಇಲ್ಲಿ ಕೆಲಸವಿಲ್ಲ ಎಂದು ನಿಮ್ಮ ಬಂಧುಗಳು ಭಾವಿಸಿದ್ದರೆ ಅದು ತಪ್ಪು. ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ 1854ರಲ್ಲಿ ಹೊರಟ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ದೀಪ ಹಿಡಿದ ಮಹಿಳೆಯೆಂದಷ್ಟೇ ನೆನೆಯುತ್ತೇವೆ. ಸೈನಿಕರಲ್ಲಿ ಗಾಯಗಳಿಗಿಂತ ಹೆಚ್ಚು ಮಂದಿಯನ್ನು ಕೊಂದದ್ದು ತಡೆಯಬಹುದಾಗಿದ್ದ ರೋಗಗಳು ಎಂಬುದನ್ನು ಅಂಕಿಅಂಶಗಳ ರೇಖಾಚಿತ್ರಗಳಿಂದ ತೋರಿಸಿಕೊಟ್ಟವರೂ ಅವರೇ.

ಉತ್ತರ 3 (ನರ್ಸಿಂಗ್ ಅಧ್ಯಾಪಕಿ):

ಪ್ರವೇಶದ ವೇಳೆ ವಿದ್ಯಾರ್ಥಿಗಳಿಗೆ ನಾನೂ ಇದೇ ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡ ಅನುಭವ, ವಿದೇಶದಲ್ಲಿ ಸಿಗುವ ಅವಕಾಶ, ವೈದ್ಯಕೀಯ ಸೀಟು ದೊರೆಯದ ನಿರಾಶೆ, ಎಲ್ಲವೂ ಉತ್ತರಗಳಾಗಿ ಬರುತ್ತವೆ. ಕೊನೆಯ ಕಾರಣದಿಂದ ಬಂದವರ ವಿಷಯದಲ್ಲಿ ಮಾತ್ರ ನನಗೆ ಚಿಂತೆಯಾಗುತ್ತದೆ, ಏಕೆಂದರೆ ಅವರು ವರ್ಷಗಟ್ಟಲೆ ತಮ್ಮನ್ನು ಇನ್ನೊಬ್ಬರೊಡನೆ ಹೋಲಿಸಿಕೊಳ್ಳುತ್ತಲೇ ಇರುತ್ತಾರೆ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಒಳ್ಳೆಯ ಕಾರಣದಿಂದ ಬಂದವರೂ ಸಿಬ್ಬಂದಿ ಸಾಲದ ವಾರ್ಡಿನಲ್ಲಿ ದಣಿದು ಹೊರಟುಹೋಗುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ಆಧರಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರತಿ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಗೊಳಗಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚುವುದನ್ನೂ, ನರ್ಸ್‌ಗಳ ಬಳಲಿಕೆ ಏರುವುದನ್ನೂ ಗುರುತಿಸಿತು. ಆದ್ದರಿಂದ ಕೆಲಸಕ್ಕೆ ಸೇರುವ ಮುನ್ನ ಒಂದು ಪಾಳಿಯಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು ಎಂದು ವಿಚಾರಿಸುವುದನ್ನು ನಿಮ್ಮ ಮಗಳು ರೂಢಿಸಿಕೊಳ್ಳಲಿ.

ಪ್ರಶ್ನೆ ಕೇಳಿದವರು:

ಮೂವರಿಗೂ ಕೃತಜ್ಞತೆಗಳು. ಪ್ರವೇಶಕ್ಕೆ ಅರ್ಜಿ ಹಾಕುವ ಮುನ್ನ ಅವಳಿಗೆ ಈ ಕೆಲಸವನ್ನು ಹತ್ತಿರದಿಂದ ಕಾಣುವ ದಾರಿಯಿದೆಯೇ?

ಉತ್ತರ 1 ಬರೆದವರು:

ಇದೆ. ಸ್ವಯಂಸೇವಕರನ್ನು ತೆಗೆದುಕೊಳ್ಳುವ ಆಸ್ಪತ್ರೆಯಲ್ಲೋ ವೃದ್ಧರ ಆರೈಕೆ ಕೇಂದ್ರದಲ್ಲೋ ಅವಳು ಕೆಲವು ವಾರ ಕಳೆಯಲಿ. ಸಾಧ್ಯವಾದರೆ ಅಲ್ಲಿ ಒಂದು ಪಾಳಿ ಮುಗಿದು ಇನ್ನೊಂದು ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸಿಕೊಡುವ ಹೊತ್ತಿನಲ್ಲಿ ನರ್ಸ್‌ಗಳು ಎಷ್ಟೆಲ್ಲವನ್ನು ನೆನಪಿಟ್ಟು ಹೇಳಬೇಕಾಗುತ್ತದೆ ಎಂಬುದನ್ನು ಗಮನಿಸಲಿ. ಅದನ್ನು ಕಂಡು ಅವಳ ಆಸಕ್ತಿ ಹೆಚ್ಚಿದರೆ ನೀವು ಧೈರ್ಯವಾಗಿ ಅರ್ಜಿ ಹಾಕಿಸಿ.