ಸ್ಪ್ರೇ ಡ್ರೋನ್ ಬ್ಯಾಟರಿ ವಿಮಾನದಲ್ಲಿ ಯಾಕೆ ಬಿಡಲ್ಲ?

ಸಿಂಧನೂರು ಡ್ರೋನ್:
ನಮಸ್ಕಾರ. ಸಿಂಧನೂರು ಕಡೆ ಭತ್ತದ ಗದ್ದೆಗಳಿಗೆ ಡ್ರೋನ್‌ನಲ್ಲಿ ಔಷಧಿ ಹೊಡೆಯುವ ಕೆಲಸ ನನ್ನದು. ಬ್ಯಾಟರಿ ಮೇಲೆ 22.2 ವೋಲ್ಟ್, 16000 ಎಂಎಎಚ್ ಅಂತ ಇದೆ. ಹೋದ ವಾರ ಒಂದು ಬ್ಯಾಟರಿ ಕೈಜಾರಿ ಬದುವಿನ ಕಲ್ಲಿನ ಮೇಲೆ ಬಿತ್ತು. ಈಗ ಒಂದು ಪಕ್ಕ ರೊಟ್ಟಿ ಉಬ್ಬಿದ ಹಾಗೆ ಉಬ್ಬಿದೆ. ದಿಲ್ಲಿ ಸರ್ವಿಸ್ ಸೆಂಟರ್‌ಗೆ ಕಳಿಸೋಣ ಅಂತ ಕೊರಿಯರ್‌ಗೆ ಹೋದರೆ, ಬ್ಯಾಟರಿ ಅಂದ ಕೂಡಲೇ ಡಬ್ಬಿ ವಾಪಸ್ ತಳ್ಳಿದರು, ಯಾಕೆ ಅಂತ ಹೇಳಲೂ ಇಲ್ಲ. ಮುಂದಿನ ವಾರ ಹೈದರಾಬಾದ್‌ನಿಂದ ದಿಲ್ಲಿಗೆ ಹೇಗೂ ವಿಮಾನದಲ್ಲಿ ಹೋಗ್ತಿದ್ದೇನೆ. ಬಟ್ಟೆಯಲ್ಲಿ ಸುತ್ತಿ ದೊಡ್ಡ ಬ್ಯಾಗಿಗೆ ಹಾಕಿದರೆ ನಡೆಯುತ್ತಾ? ಅಷ್ಟು ದೊಡ್ಡ ವಿಮಾನಕ್ಕೆ ಒಂದು ಬ್ಯಾಟರಿಯಿಂದ ಏನಾಗುತ್ತೆ?

ಕೊಪ್ಪಳದ ಹುಡುಗ:
ಅಣ್ಣ, ಹಾಕಬೇಡಿ. ನನ್ನ ಬ್ಯಾಗಲ್ಲಿ ಬರೀ ಪವರ್ ಬ್ಯಾಂಕ್ ಇತ್ತು, ಅದಕ್ಕೇ ಹೆಸರು ಕೂಗಿ ಕರೆದು ಬ್ಯಾಗ್ ತೆಗೆಸಿದರು. ಪವರ್ ಬ್ಯಾಂಕ್ ಕೈಯಲ್ಲಿರುವ ಬ್ಯಾಗಲ್ಲೇ ಇರಬೇಕಂತೆ. ನಿಮ್ಮ ಬ್ಯಾಟರಿ ಲೆಕ್ಕ ನನಗೆ ಗೊತ್ತಿಲ್ಲ, ಗೊತ್ತಿರೋರು ಹೇಳಲಿ.

ಬಳ್ಳಾರಿ ಕಾರ್ಗೋ:
ನಾನು ಬಳ್ಳಾರಿಯವನು, ಆರು ವರ್ಷ ಹೈದರಾಬಾದ್‌ನ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಕಾರ್ಗೋ ಕೆಲಸ ಮಾಡಿದ್ದೇನೆ. ಲೆಕ್ಕ ಸುಲಭ. 16000 ಎಂಎಎಚ್ ಅಂದ್ರೆ 16 ಆಂಪಿಯರ್ ಅವರ್. 22.2 ವೋಲ್ಟನ್ನು ಅದರಿಂದ ಗುಣಿಸಿ, 355 ವ್ಯಾಟ್ ಅವರ್ ಬರುತ್ತೆ, ಅಂದ್ರೆ ಬ್ಯಾಟರಿಯಲ್ಲಿ ತುಂಬುವ ಒಟ್ಟು ಶಕ್ತಿ. ಪ್ರಯಾಣಿಕರಿಗೆ 100ರವರೆಗೆ ತೊಂದರೆ ಇಲ್ಲ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಕೈಬ್ಯಾಗಲ್ಲೂ ಇಲ್ಲ, ಕೆಳಗಿನ ಬ್ಯಾಗಲ್ಲೂ ಇಲ್ಲ. ಅದೂ ಅಲ್ಲದೆ ನಿಮ್ಮದು ಪೆಟ್ಟು ತಿಂದು ಉಬ್ಬಿದೆ. ಅಂಥದ್ದು ಕಾರ್ಗೋದಲ್ಲೂ ಹೋಗೋದಿಲ್ಲ.

ಒಂದು ಬ್ಯಾಟರಿಯಿಂದ ಏನಾಗುತ್ತೆ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನಿಮ್ಮದು ಲಿಥಿಯಂ ಬ್ಯಾಟರಿ, ಹಲವು ಸೆಲ್‌ಗಳನ್ನು ಜೋಡಿಸಿ ಮಾಡಿದ್ದು. ಪ್ರತಿ ಸೆಲ್ ಒಳಗೆ ಎರಡು ಪದರಗಳ ಮಧ್ಯೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತೆ. ಪೆಟ್ಟು ಬಿದ್ದು ಅದು ಹರಿದರೆ ಒಳಗೇ ಶಾರ್ಟ್ ಆಗುತ್ತೆ, ಬಿಸಿಗೆ ಒಳಗಿನ ದ್ರವ ಉರಿಯುವ ಗ್ಯಾಸ್ ಆಗುತ್ತೆ, ಒಂದು ಸೆಲ್‌ನ ಕಾವು ಪಕ್ಕದ ಸೆಲ್‌ಗೆ, ಅದರಿಂದ ಇನ್ನೊಂದಕ್ಕೆ ಹತ್ತುತ್ತಾ ಹೋಗುತ್ತೆ. ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಬೆಂಕಿ ಆರಿಸಲು ಹ್ಯಾಲಾನ್ ಗ್ಯಾಸ್ ಇರುತ್ತೆ, ನಿಜ. ಅದು ಜ್ವಾಲೆಯನ್ನು ಅಡಗಿಸುತ್ತೆ, ಆದರೆ ಸೆಲ್ ಒಳಗಿನ ಕಾವನ್ನು ನಿಲ್ಲಿಸಲ್ಲ. ಹೊರಬಂದ ಗ್ಯಾಸ್ ಒಂದೇ ಕಡೆ ತುಂಬಿಕೊಂಡರೆ ಸ್ಫೋಟವೂ ಆಗಬಹುದು. ಮೇಲೆ ಸೀಟಿನ ಹತ್ತಿರ ಹೊಗೆ ಬಂದರೆ ಯಾರಾದರೂ ನೋಡ್ತಾರೆ, ಸಿಬ್ಬಂದಿ ನೀರು ಸುರಿದು ತಣ್ಣಗೆ ಮಾಡ್ತಾರೆ. ಕೆಳಗೆ ಸೂಟ್‌ಕೇಸ್‌ಗಳ ಮಧ್ಯೆ ಹೋಗಿ ಯಾರು ನೋಡ್ತಾರೆ?

2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಯುಪಿಎಸ್ ಕಂಪನಿಯ 747 ಕಾರ್ಗೋ ವಿಮಾನದಲ್ಲಿ ಸಾವಿರಾರು ಲಿಥಿಯಂ ಬ್ಯಾಟರಿಗಳಿದ್ದವು. ಹೊರಟು ಅರ್ಧ ಗಂಟೆಯೊಳಗೆ ಬೆಂಕಿಯ ಅಲಾರಂ ಬಂತು. ಕಾಕ್‌ಪಿಟ್ ತುಂಬ ಹೊಗೆ, ಎದುರಿನ ಮೀಟರ್‌ಗಳೇ ಕಾಣದ ಸ್ಥಿತಿ. ದುಬೈಗೆ ವಾಪಸ್ ಬರುವಾಗ ವಿಮಾನ ಬಿದ್ದು ಇಬ್ಬರೂ ಪೈಲಟ್‌ಗಳು ಸತ್ತರು. ತರಬೇತಿಯಲ್ಲಿ ನಮಗೆ ಇದನ್ನೇ ಮೊದಲು ಹೇಳಿಕೊಟ್ಟಿದ್ದು, ಇವತ್ತಿಗೂ ಬ್ಯಾಟರಿ ಡಬ್ಬಿ ಕಂಡರೆ ನೆನಪಾಗುತ್ತೆ. 2016ರ ಏಪ್ರಿಲ್ 1ರಿಂದ ಬಿಡಿಯಾಗಿ, ಅಂದ್ರೆ ಯಾವ ಸಾಧನದ ಜೊತೆಗೂ ಇಲ್ಲದೆ ಬರುವ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಕಾರ್ಗೋ ಆಗಿ ಒಯ್ಯುವಂತಿಲ್ಲ. ಕಾರ್ಗೋ ವಿಮಾನದಲ್ಲೂ ಚಾರ್ಜ್ 30 ಪರ್ಸೆಂಟ್ ಮೀರಬಾರದು. ಚಾರ್ಜ್ ಕಡಿಮೆ ಇದ್ದಷ್ಟೂ ಬೆಂಕಿ ಸೆಲ್‌ನಿಂದ ಸೆಲ್‌ಗೆ ಹತ್ತೋದು ಕಷ್ಟ.

ಕೊರಿಯರ್‌ನವರು ಕಾರಣ ಹೇಳದೆ ತಳ್ಳಿದ್ದು ತಪ್ಪು. ಒಂದು ಮಾತು ಬಿಡಿಸಿ ಹೇಳಿದ್ದರೆ ಬ್ಯಾಗಲ್ಲಿ ಬಚ್ಚಿಡುವ ಯೋಚನೆಯೇ ನಿಮಗೆ ಬರ್ತಿರಲಿಲ್ಲ ಅಲ್ವಾ.

ಗಂಗಾವತಿ ಮೆಕ್ಯಾನಿಕ್:
ವಿಮಾನ ಆಮೇಲೆ, ಆ ಬ್ಯಾಟರಿ ಈಗ ಎಲ್ಲಿಟ್ಟಿದ್ದೀರಿ ಮೊದಲು ಹೇಳಿ! ಉಬ್ಬಿದ್ದಕ್ಕೆ ಮತ್ತೆ ಚಾರ್ಜ್ ಹಾಕಬೇಡಿ, ಸೂಜಿ ಚುಚ್ಚಿ ಗ್ಯಾಸ್ ತೆಗೆಯಲು ಹೋಗಬೇಡಿ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ತಗಡಿನ ಶೆಡ್ ಬೇಡವೇ ಬೇಡ. ತುದಿಗಳಿಗೆ ಟೇಪ್ ಸುತ್ತಿ, ಕಬ್ಬಿಣದ ಬಕೆಟ್‌ಗೆ ಒಣ ಮರಳು ಹಾಕಿ ಅದರಲ್ಲಿಟ್ಟು, ಮನೆಯಿಂದಲೂ ಬಣವೆಯಿಂದಲೂ ದೂರ ನೆರಳಲ್ಲಿಡಿ.

ಸಿಂಧನೂರು ಡ್ರೋನ್:
ನಿಜ ಹೇಳಬೇಕಂದ್ರೆ ಅದು ನಾವು ಮಲಗುವ ಕೋಣೆಯಲ್ಲಿ, ಗೊಬ್ಬರದ ಖಾಲಿ ಚೀಲಗಳ ಮೇಲೆ ಇತ್ತು. ಓದಿದ ತಕ್ಷಣ ಎದ್ದು ಹೋಗಿ ಮರಳಿನ ಬಕೆಟ್‌ನಲ್ಲಿ ಹಾಕಿ ಬೇವಿನ ಮರದ ಕೆಳಗೆ ಇಟ್ಟು ಬಂದೆ. ಮಕ್ಕಳಿಗೆ ಆ ಕಡೆ ಹೋಗಬೇಡಿ ಅಂತ ಹೇಳಿದ್ದೇನೆ. ದಿಲ್ಲಿಗೆ ಬರೀ ಬಿಲ್ಲು, ಫೋಟೋ ತಗೊಂಡು ಹೋಗ್ತೀನಿ. ಡ್ರೋನ್ ಮಾರಿದ ಡೀಲರ್‌ಗೆ ಫೋನ್ ಮಾಡಿದೆ, ಕೆಟ್ಟ ಬ್ಯಾಟರಿ ಅವರೇ ಬಂದು ರಸ್ತೆ ಮೇಲೆ ಒಯ್ತಾರಂತೆ, ಸೋಮವಾರ ಬರ್ತೀವಿ ಅಂದಿದ್ದಾರೆ.