ರಬ್ಬರ್ ಹಾಲಿಗೆ ಹಾಕುವ ಫಾರ್ಮಿಕ್ ಆಮ್ಲ ಮೈಗೆ ಸಿಡಿದರೆ ಮೊದಲು ಏನು ಮಾಡಬೇಕು?

ಪ್ರಶ್ನೆ (ಮುಳ್ಳೇರಿಯದ ಕೃಷಿಕ):
ನಮ್ಮ ತೋಟದಲ್ಲಿ ಶೀಟು ಮಾಡಲು ರಬ್ಬರ್ ಹಾಲಿಗೆ ಶೇಕಡಾ 85ರ ಫಾರ್ಮಿಕ್ ಆಮ್ಲವನ್ನು ನೀರಿನಲ್ಲಿ ಬೆರೆಸಿ ಹಾಕುತ್ತೇವೆ. ಕಳೆದ ವಾರ ಕ್ಯಾನಿನಿಂದ ಬಾಟಲಿಗೆ ಸುರಿಯುವಾಗ ಕೆಲಸದವರೊಬ್ಬರ ಮುಂಗೈಗೆ ಸಿಡಿದು, ಚರ್ಮ ಬೆಳ್ಳಗಾಗಿ, ಮರುದಿನ ಬೊಕ್ಕೆ ಎದ್ದಿತು. ಸುಣ್ಣದ ತಿಳಿನೀರು ಹಚ್ಚಬೇಕೆಂದು ಹಿರಿಯರು, ತೆಂಗಿನೆಣ್ಣೆ ಸಾಕೆಂದು ನೆರೆಯವರು ಹೇಳುತ್ತಾರೆ. ಸರಿಯಾದ ಕ್ರಮ ಯಾವುದು? ಬೇಸಿಗೆಯಲ್ಲಿ ಕ್ಯಾನು ಉಬ್ಬುವುದು ಏಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಶುಶ್ರೂಷಕಿ, ಬದಿಯಡ್ಕ):
ಎರಡೂ ಬೇಡ. ಸುಣ್ಣವು ಆಮ್ಲದೊಡನೆ ಸೇರಿದಾಗ ಶಾಖ ಹುಟ್ಟುವುದರಿಂದ ಗಾಯ ಇನ್ನಷ್ಟು ಆಳವಾಗುತ್ತದೆ. ಎಣ್ಣೆ ಹಚ್ಚುತ್ತ ಕೂತರೆ ತೊಳೆಯಬೇಕಾದ ಹೊತ್ತು ಕೈತಪ್ಪುತ್ತದೆ. ಆಮ್ಲ ತಾಗಿದ ಕ್ಷಣದಿಂದಲೇ ಹರಿಯುವ ತಣ್ಣೀರಿನಡಿ ಕನಿಷ್ಠ 20 ನಿಮಿಷ ತೊಳೆಯಬೇಕು. ನೆನೆದ ಅಂಗಿಯನ್ನು ತಲೆಯ ಮೇಲಿನಿಂದ ಎಳೆದು ತೆಗೆದರೆ ಮುಖಕ್ಕೂ ತಾಗುತ್ತದೆ, ಆದ್ದರಿಂದ ನೀರು ಸುರಿಯುತ್ತಲೇ ಅದನ್ನು ಕತ್ತರಿಸಿ ತೆಗೆಯಿರಿ. ಉಂಗುರ, ವಾಚನ್ನೂ ಬಿಚ್ಚಿಸಿ. ಸಹಾಯಕ್ಕೆ ಬಂದವರು ರಬ್ಬರ್ ಕೈಗವಸು ಧರಿಸಿರಬೇಕು.

ಕಣ್ಣಿಗೆ ಬಿದ್ದರಂತೂ ಒಂದು ನಿಮಿಷವೂ ಕಾಯಬಾರದು. ತೊಳೆದ ನೀರು ಇನ್ನೊಂದು ಕಣ್ಣಿಗೆ ಇಳಿಯದಂತೆ, ಆಮ್ಲ ಬಿದ್ದ ಕಣ್ಣು ಕೆಳಗೆ ಬರುವ ಹಾಗೆ ತಲೆಯನ್ನು ವಾಲಿಸಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ತೊಳೆಯಿರಿ. ಉರಿ ಕಡಿಮೆಯಾಯಿತೆಂದು ಅರ್ಧದಲ್ಲಿ ನಿಲ್ಲಿಸದೆ, ಬಳಿಕ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ, ಏಕೆಂದರೆ ಇಳಿಯುವಾಗ ಅನ್ನನಾಳವನ್ನು ಸುಟ್ಟ ಆಮ್ಲ ಮೇಲೆ ಬರುವಾಗಲೂ ಸುಡುತ್ತದೆ. ಸೋಡಾ ಪುಡಿ ಕುಡಿಸುವುದೂ ತಪ್ಪು. ಈ ಆಮ್ಲ ರಕ್ತಕ್ಕೆ ಸೇರಿದರೆ ಕೆಂಪುಕಣಗಳು ಒಡೆದು ಮೂತ್ರಪಿಂಡಗಳೇ ಸೋಲಬಹುದು. ಬಾಯಿ ಮುಕ್ಕಳಿಸಿ, 108ಕ್ಕೆ ಕರೆ ಮಾಡಿ. ಕ್ಯಾನಿನ ಲೇಬಲ್‌ನ ಚಿತ್ರವನ್ನು ವೈದ್ಯರಿಗೆ ತೋರಿಸಿ, ಬರಿಯ 'ಆಸಿಡ್' ಎಂದರೆ ಅವರಿಗೆ ಸಾಲದು.

ಉತ್ತರ (ರಬ್ಬರ್ ಬೆಳೆಗಾರ, ಪೆರ್ಲ):
ಕ್ಯಾನು ಉಬ್ಬುವ ಬಗ್ಗೆ: ಸಾಂದ್ರ ಫಾರ್ಮಿಕ್ ಆಮ್ಲವು ಬಿಸಿಯಲ್ಲಿ ನಿಧಾನವಾಗಿ ಒಡೆದು ಕಾರ್ಬನ್ ಮೊನಾಕ್ಸೈಡ್ ಅನಿಲವಾಗುತ್ತದೆ, ಆಮ್ಲದ ಆವಿಯ ಒತ್ತಡವೂ ಅದಕ್ಕೆ ಸೇರುತ್ತದೆ. ಆದ್ದರಿಂದ ಮುಚ್ಚಿದ ಕೋಣೆಯಲ್ಲಿಡದೆ, ಗಾಳಿಯಾಡುವ ನೆರಳಿನಲ್ಲಿ, ಬ್ಲೀಚಿಂಗ್ ಪುಡಿಯಿಂದ ದೂರ ಇರಿಸಿ. ಉಬ್ಬಿದ ಕ್ಯಾನಿನ ಮೇಲೆ ಮುಖ ಬಗ್ಗಿಸದೆ, ಕನ್ನಡಕ ಧರಿಸಿ, ಮುಚ್ಚಳವನ್ನು ತುಸುವೇ ಸಡಿಲಿಸಿ ಒತ್ತಡ ಹೊರಹೋಗಲು ಬಿಡಿ.

ನೀವು ಬಾಟಲಿ ಎಂದಿರಿ. ಅದು ಕುಡಿಯುವ ನೀರಿನ ಬಾಟಲಿಯಾಗಿದ್ದರೆ ಇಂದೇ ಬದಲಿಸಿ. ಈ ಆಮ್ಲ ನೋಡಲು ನೀರಿನಂತೆಯೇ ಇರುವುದರಿಂದ, ಬಾಯಾರಿ ಬಂದ ಮಗುವಾಗಲಿ ಹಿರಿಯರಾಗಲಿ ಮೂಗು ಎಚ್ಚರಿಸುವ ಮೊದಲೇ ಗುಟುಕು ಇಳಿಸಿರುತ್ತಾರೆ. ಬೆರೆಸುವಾಗ ಮೊದಲು ನೀರು, ಆಮೇಲೆ ಆಮ್ಲ. ಸಾಂದ್ರ ಆಮ್ಲಕ್ಕೆ ನೀರು ಸುರಿದರೆ ಕಾದು ಸಿಡಿಯಬಹುದು.

ಪ್ರಶ್ನಿಸಿದವರ ಮರುಪ್ರಶ್ನೆ:
ಬೇಸಿಗೆಯಲ್ಲಿ ಕರೆಂಟು ಹೋದರೆ ನಮ್ಮಲ್ಲಿ ಬೋರ್‌ವೆಲ್ ನಿಲ್ಲುತ್ತದೆ, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ) ನೀರೂ ಸಣ್ಣಗಾಗಿರುತ್ತದೆ. ಆಗ 20 ನಿಮಿಷ ತೊಳೆಯುವುದು ಹೇಗೆ?

ಉತ್ತರ (ಶುಶ್ರೂಷಕಿ, ಬದಿಯಡ್ಕ):
ಶೀಟು ಒತ್ತುವ ಶೆಡ್ಡಿನ ಪಕ್ಕದಲ್ಲೇ 200 ಲೀಟರಿನ ಡ್ರಮ್ಮನ್ನು ಎತ್ತರದ ಕಟ್ಟೆಯ ಮೇಲಿಟ್ಟು, ಅದಕ್ಕೊಂದು ನಲ್ಲಿ ಕೂರಿಸಿ ಪೈಪು ಜೋಡಿಸಿಡಿ. ಅದರ ನೀರನ್ನು ಬೇರೆ ಕೆಲಸಕ್ಕೆ ಮುಟ್ಟಬೇಡಿ, ವಾರಕ್ಕೊಮ್ಮೆ ಬದಲಿಸಿ. ಕೆಲಸದವರಿಗೆಲ್ಲ ನಲ್ಲಿಯ ಜಾಗ ಗೊತ್ತಿರಲಿ. ಉರಿಯುವ ಕಣ್ಣು ತಾನಾಗಿ ತೆರೆಯದ ಕಾರಣ, ಆಮ್ಲ ಮುಟ್ಟುವ ಹೊತ್ತಿನಲ್ಲಿ ಒಬ್ಬರೇ ಇರುವುದು ಬೇಡ.