ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’: ಇದನ್ನೆಲ್ಲ ಕಲಿಯುವುದು ಹೇಗೆ ಮಾರಾಯ್ರೆ?

ಸುರತ್ಕಲ್_ಹುಡುಗಿ: ಮಂಗಳೂರಲ್ಲಿ ಆಫೀಸ್ ಕೆಲಸ. ಇಡೀ ದಿನ ಇಂಗ್ಲಿಷ್ ಇಮೇಲ್. ಗ್ರಾಮರ್ ತೊಂದರೆ ಇಲ್ಲ, ಆದರೆ ಯಾವ ಪದದ ಪಕ್ಕ ಯಾವುದು ಕೂರುತ್ತದೆ ಅಂತ ಗೊತ್ತಾಗುವುದಿಲ್ಲ. ಡೆಡ್‌ಲೈನನ್ನು ‘ಮೀಟ್’ ಮಾಡಬೇಕಂತೆ, ‘ರೀಚ್’ ಯಾಕಾಗುವುದಿಲ್ಲ? ರೂಲ್ ಏನಾದರೂ ಇದೆಯಾ?

ಕಾಪು_ಕಡಲು: ರೂಲ್ ಇಲ್ಲ, ಬಳಕೆ ಅಷ್ಟೇ. ನಾವು ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಬಳೆ ತೊಡುತ್ತೇವೆ, ಇಂಗ್ಲಿಷಿನವರಿಗೆ ಈ ಮೂರಕ್ಕೂ ‘ವೇರ್’ ಒಂದೇ ಸಾಕು, ಅಲ್ವಾ? ಇಂಥ ಜೋಡಿಗೆ ಅವರು ಕೊಲೊಕೇಶನ್ ಅಂತಾರೆ. ಬಿಡಿ ಪದ ಬರೆದಿಡಬೇಡಿ, ಜೋಡಿಯನ್ನೇ ಬರೆದಿಡಿ.

ಮಣಿಪಾಲ_ಮಳೆ: ಡೌಟ್ ಬಂದರೆ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್ ನೋಡಿ. 2010ರಿಂದ ಇದೆ, ಫ್ರೀ. ಎರಡು ಜೋಡಿಗಳ ಮಧ್ಯೆ ಕಾಮಾ ಹಾಕಿ ಹುಡುಕಿದರೆ ಪುಸ್ತಕಗಳಲ್ಲಿ ಯಾವುದು ಜಾಸ್ತಿ ಅಂತ ಗೆರೆ ಎಳೆದು ತೋರಿಸುತ್ತದೆ. ‘ಹೆವಿ’ ಬರೆದು, ಜಾಗ ಬಿಟ್ಟು ನಕ್ಷತ್ರ ಚಿಹ್ನೆ ಹಾಕಿ, ಅದರ ಮುಂದೆ ಹೆಚ್ಚು ಬರುವ ಹತ್ತು ಪದ ಸಿಗುತ್ತದೆ. ಆದರೆ ಅದು ಪುಸ್ತಕದ ಭಾಷೆ, ಆಫೀಸ್ ಇಮೇಲಿನದ್ದಲ್ಲ.

ಕಾಪು_ಕಡಲು: ಹೌದು. ಮತ್ತೆ ತಿದ್ದುವವರನ್ನೆಲ್ಲ ಸುಮ್ನೆ ನಂಬಬೇಡಿ. ‘ಟೇಕ್ ಎ ಡಿಸಿಷನ್’ ತಪ್ಪು ಅಂತಾರೆ ಕೆಲವರು. ಅಮೆರಿಕದಲ್ಲಿ ‘ಮೇಕ್’ ಜಾಸ್ತಿ, ಬ್ರಿಟಿಷರಲ್ಲಿ ಎರಡೂ ನಡೆಯುತ್ತದೆ. ‘ಡಿಸ್ಕಸ್ ಅಬೌಟ್’ ಮಾತ್ರ ಬಿಟ್ಟುಬಿಡಿ, ಅಲ್ಲಿ ‘ಅಬೌಟ್’ ಬೇಡ.

ಸುರತ್ಕಲ್_ಹುಡುಗಿ: ಅಯ್ಯೋ, ನಮ್ಮ ಮ್ಯಾನೇಜರ್ ದಿನಾ ಅದನ್ನೇ ಬರೆಯುವುದು! ಅವರಿಗೆ ಹೇಳುವವರು ಯಾರು?